ಕತ್ತರಿ ಹಾಕಿದ ನಕ್ಷೆ

ಭೂಮಾಪನ ಕಚೇರಿಯ ನಕ್ಷೆ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕತ್ತರಿ ಎಂದು. ಹೆಸರು ಬೀದಿಯವರು ಇಟ್ಟದ್ದು, ಅವಳ ಬೆನ್ನು ಹತ್ತಿ ಕಚೇರಿಯವರೆಗೂ ಬಂತು. ಅಮ್ಮ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚಿಂದಿಯ ರಾಶಿಯಲ್ಲಿ ಕೂತು ಬೆಳೆದ ಹುಡುಗಿ, ಅಳತೆ ಕೊಡಲು ಬಂದ ಹೆಂಗಸರಿಗೆ "ಹೋದ ಸಲಕ್ಕಿಂತ ನಿಮ್ಮ ಸೊಂಟ ದಪ್ಪ ಆಗಿದೆ" ಎಂದು ಕೆಳಗಿನಿಂದಲೇ ಹೇಳಿಬಿಡುತ್ತಿದ್ದಳು. ಗಿರಾಕಿ ಮುಖ ಊದಿಸಿಕೊಳ್ಳುತ್ತಿದ್ದಳು, ಅಮ್ಮ ಮಗಳ ತಲೆಗೊಂದು ಮೊಟಕುತ್ತಿದ್ದಳು. ಎಷ್ಟು ಮೊಟಕಿದರೂ ಆ ನಾಲಿಗೆ ಮೊಂಡಾಗಲಿಲ್ಲ. ಓದು ಮುಗಿಸಿ, ಕೆಲಸ ಹಿಡಿದು, ತಲೆಯಲ್ಲಿ ನಾಲ್ಕು ಬಿಳಿಕೂದಲು ಕಂಡ ಮೇಲೂ ಕತ್ತರಿ ಕತ್ತರಿಯಾಗಿಯೇ ಉಳಿದಳು.

ಅವಳ ಕೆಲಸ ಏನೆಂದು ಬೀದಿಯವರಿಗೆ ಅರ್ಥ ಮಾಡಿಸುವುದೇ ಒಂದು ಸಾಹಸ. ವಿಮಾನವೊಂದು ಊರ ಮೇಲೆ ಹಾರುತ್ತದೆ, ಕೆಳಗೆ ಬೆಳಕಿನ ಕಿರಣ ಚೆಲ್ಲುತ್ತದೆ. ಕಿರಣ ಏನನ್ನು ತಾಗಿ ಹಿಂದಿರುಗಿತೋ ಅದರ ಎತ್ತರ ಒಂದು ಚುಕ್ಕಿಯಾಗಿ ಉಳಿಯುತ್ತದೆ. ಮನೆಯ ಮಾಡು, ಮರದ ತಲೆ, ಮಹಡಿಯಲ್ಲಿ ಒಣಹಾಕಿದ ಹಾಸಿಗೆ, ರಸ್ತೆ ನಡುವೆ ಮಲಗಿದ ನಾಯಿ, ಎಲ್ಲವೂ ಚುಕ್ಕಿಯೇ. ಒಂದು ಊರೆಂದರೆ ಕೋಟ್ಯಂತರ ಚುಕ್ಕಿ. ಅದರಲ್ಲಿ ಮಾಡು, ಮರ, ನಾಯಿಗಳನ್ನೆಲ್ಲ ಬೇರ್ಪಡಿಸಿ ಬರೀ ನೆಲವನ್ನು ಉಳಿಸಬೇಕು. ಆಮೇಲೆ ಆ ನೆಲದ ಮೇಲೆ ಕಂಪ್ಯೂಟರಿನೊಳಗೇ ನೀರು ಬಿಟ್ಟು, ಹೊಳೆ ಉಕ್ಕಿದರೆ ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ನಿಂತ ಕಡೆ ನೀಲಿ ಬಣ್ಣ. "ಅಂದ್ರೆ ಆಫೀಸಲ್ಲಿ ಕೂತು ಬಣ್ಣ ಹಚ್ತೀಯ," ಎನ್ನುತ್ತಿದ್ದರು ಬೀದಿಯ ಮೇಲ್ತುದಿಯ ಬೇಕರಿ ಅಣ್ಣ. ಹೌದು ಎಂದು ಅವಳು ಸುಮ್ಮನಾಗುತ್ತಿದ್ದಳು.

ಆ ಬೀದಿಯನ್ನು ಸ್ವಲ್ಪ ನೋಡಿಬಿಡಬೇಕು, ಕಥೆಯೆಲ್ಲ ಅಲ್ಲಿಯೇ ಇದೆ. ಬೇಕರಿಯಿಂದ ಶುರುವಾಗಿ ಇಳಿಜಾರಿನಲ್ಲಿ ಬಂದು ಹೊಳೆಯ ದಂಡೆಯ ಹಳೇ ಗೋದಾಮಿನ ಎದುರು ಮುಗಿಯುತ್ತದೆ. ಕತ್ತರಿಯ ಮನೆ ಕೆಳಗಿನ ತುದಿಯಲ್ಲಿ. ಹೊಳೆಯ ಉದ್ದಕ್ಕೂ ಮಣ್ಣಿನ ಏರಿ ಇದೆ, ಆದರೆ ಗೋದಾಮು ಕಟ್ಟಿದ ಪುಣ್ಯಾತ್ಮರು ದೋಣಿಯಿಂದ ಸರಕು ಇಳಿಸಲು ಸಲೀಸಾಗಲಿ ಎಂದು ಅಷ್ಟು ಜಾಗದಲ್ಲಿ ಏರಿಯನ್ನು ಕಡಿದುಹಾಕಿದ್ದರು. ಹಿಂದಿನ ವರ್ಷ ಹೊಳೆ ಉಕ್ಕಿದಾಗ ನೀರು ಗೋದಾಮಿನ ಹಿಂಬಾಗಿಲಲ್ಲಿ ಒಳಹೊಕ್ಕು ಮುಂಬಾಗಿಲಲ್ಲಿ ಹೊರಬಂದು ಸೀದಾ ಅಮ್ಮನ ಹೊಲಿಗೆ ಮಶೀನಿನ ಪೆಡಲಿಗೆ ಮುಟ್ಟಿತ್ತು. ಅಂದಿನಿಂದ ಮಶೀನು ನಾಲ್ಕು ಕಲ್ಲುಗಳ ಮೇಲೆ ನಿಂತಿದೆ. ಬೇಕರಿಯ ಕಾಲೊರಸು ಕೂಡ ಅವತ್ತು ಒದ್ದೆಯಾಗಿರಲಿಲ್ಲ.

ಆದರೂ ಪ್ರವಾಹ ಸಮಿತಿಯ ಕೈಯಲ್ಲಿದ್ದ ಹಳೇ ನಕ್ಷೆಯಲ್ಲಿ ಇಡೀ ಬೀದಿ, ಬೇಕರಿಯೂ ಸೇರಿ, ನೀಲಿ. ಯಾವ ಕಾಲದಲ್ಲೋ ಅಲ್ಲೊಂದು ಇಲ್ಲೊಂದು ಕಡೆ ಎತ್ತರ ಅಳೆದು, ಉಳಿದದ್ದನ್ನು ಅಂದಾಜಿನಲ್ಲಿ ಬಳಿದ ನಕ್ಷೆ ಅದು. ನೀಲಿ ಇರುವ ಮನೆಗಳನ್ನೆಲ್ಲ ಕೆಡವಿ ಜನರನ್ನು ಊರಾಚೆಗೆ ಸಾಗಿಸುವುದೆಂದು ಸಮಿತಿ ತೀರ್ಮಾನಿಸಿತ್ತು, ಬರುವ ಸಭೆಯಲ್ಲಿ ಅದಕ್ಕೆ ಮುದ್ರೆ ಬೀಳುವುದೊಂದೇ ಬಾಕಿ. ಹೇಳಿ, ಅಂದಾಜಿನ ಬಣ್ಣಕ್ಕೆ ಒಂದು ಬೀದಿಯನ್ನೇ ಬಲಿಕೊಡುವುದು ಎಂಥ ನ್ಯಾಯ? ಹೊಸ ವಿಮಾನ ಹಾರಿ ಚುಕ್ಕಿಗಳೆಲ್ಲ ಕಚೇರಿಗೆ ಬಂದಿದ್ದವು, ನಿಜ. ಆದರೆ ಕಚೇರಿಯ ಪದ್ಧತಿಯಲ್ಲಿ ಅವನ್ನು ಅರೆದು ಮುಗಿಸುವಷ್ಟರಲ್ಲಿ ಸಮಿತಿಯ ಸಭೆ ಮುಗಿದು, ಬುಲ್ಡೋಜರು ಬಂದು ಹೋಗಿ, ಧೂಳೂ ಕೂತಿರುತ್ತಿತ್ತು.

ಆ ಪದ್ಧತಿಯ ಕಾವಲುಗಾರರು ವಿಭಾಗದ ಮುಖ್ಯಸ್ಥರು. ಯಾರು ಏನು ಕೇಳಿದರೂ "ಸ್ವಲ್ಪ ತಾಳಿ" ಎನ್ನುವ ಅವರಿಗೆ ಬೆನ್ನ ಹಿಂದೆ ತಾಳಪ್ಪ ಎಂದು ಹೆಸರು. ಕಾಗದದ ಕಾಲ ಮುಗಿದು ಎಷ್ಟೋ ವರ್ಷವಾದರೂ ಅಲ್ಲಿ ಫೈಲಿಗೆ ಹಾಳೆ ಎಂದೇ ಹೇಳುವುದು. ಹಾಳೆಯನ್ನು ಕತ್ತರಿಸಬಾರದು, ಇಡೀ ಊರಿನ ಹಾಳೆಯನ್ನು ಇಡಿಯಾಗಿ ಒಂದೇ ಮಶೀನು ಓದಬೇಕು. ಇದು ತಾಳಪ್ಪನವರ ಕಾನೂನು. ಮೂಲೆಯಲ್ಲಿದ್ದ ದೊಡ್ಡ ಮಶೀನು ಹಗಲೂ ರಾತ್ರಿ ಏದುಸಿರು ಬಿಡುತ್ತಿದ್ದರೆ, ಕಚೇರಿಯ ಹಾಲ್ ತುಂಬ ಇದ್ದ ಉಳಿದ ಕಂಪ್ಯೂಟರುಗಳು ರಜಾ ಅರ್ಜಿ ಟೈಪು ಮಾಡಿಸಿಕೊಂಡು ಹಾಯಾಗಿದ್ದವು. ಕತ್ತರಿಗೆ ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಒಂದು ದಿನ ಅವರ ಕೋಣೆಗೆ ನುಗ್ಗಿದಳು. "ಸರ್, ಹಾಳೆ ಕತ್ತರಿಸೋಣ."

"ತಾಳಮ್ಮ, ತಾಳು. ಏನಂದೆ?"

"ಕತ್ತರಿಸೋಣ ಅಂದೆ. ಚೌಕ ಚೌಕ ಮಾಡಿ ಹಾಲಲ್ಲಿರೋ ಎಲ್ಲಾ ಮಶೀನಿಗೂ ಹಂಚೋಣ. ಸಭೆಗೆ ಮುಂಚೆ ಮುಗಿಯತ್ತೆ."

"ಈ ಕಚೇರೀಲಿ ಹಾಳೆ ಕತ್ತರಿಸಲ್ಲ. ಯಾಕೆ ಅಂತ ನಿಂಗೆ ಗೊತ್ತು."

ಗೊತ್ತಿತ್ತು. ಬಹಳ ಹಿಂದೆ ತಾಳಪ್ಪನವರೇ ಒಮ್ಮೆ ಹಾಳೆ ಕತ್ತರಿಸಿ ಕೂಡಿಸಿದ್ದರು. ಕೂಡಿಸಿದ ಕಡೆ, ನೆಲದ ಮೇಲೆ ಇಲ್ಲದ ಗೋಡೆಯೊಂದು ನಕ್ಷೆಯಲ್ಲಿ ಎದ್ದು ನಿಂತಿತ್ತು. ಅದನ್ನು ನಂಬಿ ಅದರ ಮರೆಯಲ್ಲಿ ಶಾಲೆ ಕಟ್ಟಿದರು, ಮೊದಲ ಮಳೆಗಾಲದಲ್ಲೇ ಬೆಂಚುಗಳು ತೇಲಿದವು. ತುಂಬಿದ ಸಭೆಯಲ್ಲಿ ಅವರನ್ನು ನಿಲ್ಲಿಸಿ ಬೆವರಿಳಿಸಿದ್ದರಂತೆ. ಆ ಅವಮಾನ ಅವರ ಹೊಟ್ಟೆಯಲ್ಲೇ ಕೂತುಬಿಟ್ಟಿತ್ತು. ಮನುಷ್ಯ ಕೆಟ್ಟವರಲ್ಲ, ಹೆದರಿದವರು. ಆದರೆ ಹೆದರಿದವರ ಕೈಗೆ ಕಾನೂನು ಕೊಟ್ಟರೆ ಊರು ಅಲ್ಲಾಡದೆ ನಿಂತುಬಿಡುತ್ತದೆ ಎಂದು ಕತ್ತರಿಗೆ ಸಿಟ್ಟು.

"ಸರ್, ಅವತ್ತು ಮಾರ್ಜಿನ್ ಬಿಡದೆ ಕತ್ತರಿಸಿದ್ರಿ. ಬಟ್ಟೆ ಆದ್ರೂ ಅಷ್ಟೇ, ಹೊಲಿಗೆಗೆ ಅಂತ ಪಕ್ಕದಲ್ಲಿ ಸ್ವಲ್ಪ ಬಿಟ್ಟು ಕತ್ತರಿಸ್ಬೇಕು. ಪ್ರತಿ ಚೌಕಕ್ಕೂ ಪಕ್ಕದ ಚೌಕದ ಒಂದಿಷ್ಟು ಚುಕ್ಕಿ ಸೇರಿಸಿ ಕೊಡೋಣ, ಕೆಲಸ ಮುಗಿದ ಮೇಲೆ ಹೆಚ್ಚಿದ್ದನ್ನ ತೆಗೆಯೋಣ. ಆಗ ಗೋಡೆ ಏಳಲ್ಲ."

ತಾಳಪ್ಪ ಕನ್ನಡಕ ತೆಗೆದು ಒರೆಸಿದರು. "ಅದು ನಿನ್ನ ಮನೆ ಇರೋ ಬೀದಿ. ನೀನು ಕತ್ತರಿಸಿ ಅಂಟಿಸಿದ ನಕ್ಷೆ ತಗೊಂಡು ಹೋದ್ರೆ ಏನಂತಾರೆ ಗೊತ್ತಾ? ಮನೆ ಉಳಿಸ್ಕೊಳ್ಳೋಕೆ ಮಾಡಿದ್ದು ಅಂತಾರೆ. ನಾನು ಸಹಿ ಹಾಕಲ್ಲ."

"ಅನ್ನೋರು ಅನ್ಲಿ. ನಾನಂತೂ ಕತ್ತರಿಸ್ತೀನಿ."

ಬಾಗಿಲು ದಡಾರನೆ ಬಡಿಯಿತು. ಹಾಲಿನಲ್ಲಿದ್ದವರೆಲ್ಲ ತಲೆ ತಗ್ಗಿಸಿ ಕೆಲಸ ಮಾಡುವವರಂತೆ ನಟಿಸಿದರು.

ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವವರನ್ನು ಎಲ್ಲರೂ ವೈರ್ ಮಾವ ಎನ್ನುತ್ತಿದ್ದರು. ಜೇಬಿನಲ್ಲಿ ಸದಾ ಒಂದು ತುಂಡು ವೈರು, ಬಾಯಲ್ಲಿ ಸದಾ ಒಂದು ದೂರು. ರಜೆಯ ದಿನ ಬೆಳಗ್ಗೆ ಹಾಲಿನ ಬೀಗ ತೆಗೆಯಬೇಕೆಂದು ಕತ್ತರಿ ಕೇಳಿದಾಗ ಅವರು ಮೂಗು ಮುರಿದರು.

"ಕೆಲಸ ಹೋದ್ರೆ?"

"ಅಮ್ಮನ ಹತ್ರ ಗುಂಡಿ ಹೊಲಿಯೋ ಕೆಲಸ ಖಾಲಿ ಇದೆ ಮಾವ. ನಿಮಗೂ ಹೇಳ್ತೀನಿ."

"ನಂಗೆ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣಲ್ಲ," ಎಂದು ಗೊಣಗುತ್ತಲೇ ಮಾವ ಬೀಗದ ಕೈ ತಂದರು.

ರಜೆಯ ದಿನ ಇಬ್ಬರೂ ಮೊದಲು ಮಾಡಿದ್ದು ಚುಕ್ಕಿಗಳನ್ನು ಜೋಡಿಸುವ ಕೆಲಸ. ವಿಮಾನ ಹಾರಿದ ಸಾಲಿನಲ್ಲೇ ಚುಕ್ಕಿಗಳು ಹಾಳೆಗೆ ಬಂದು ಬಿದ್ದಿದ್ದವು. ಹಾಗಾಗಿ ಒಂದೇ ಮನೆಯ ಚುಕ್ಕಿಗಳು ದಿಕ್ಕಾಪಾಲಾಗಿದ್ದವು. ಒಂದು ಬೀದಿ ಬೇಕೆಂದರೆ ಮಶೀನು ಹಾಳೆಯನ್ನು ತಲೆಯಿಂದ ಬುಡದವರೆಗೆ ಓದಬೇಕು, ಪಕ್ಕದ ಬೀದಿಗೆ ಮತ್ತೆ ತಲೆಯಿಂದ ಶುರು. ಒಬ್ಬರನ್ನು ಹುಡುಕಲು ಊರಿನ ಎಲ್ಲ ಬಾಗಿಲು ತಟ್ಟಿದ ಹಾಗೆ. ಕತ್ತರಿ ಅಕ್ಕಪಕ್ಕದ ಚುಕ್ಕಿಗಳನ್ನು ಅಕ್ಕಪಕ್ಕದಲ್ಲೇ ಕೂರಿಸಿ, ಯಾವ ಜಾಗ ಹಾಳೆಯ ಎಲ್ಲಿದೆ ಎಂಬ ಸೂಚಿಯನ್ನು ಮುಂದೆ ಇಟ್ಟಳು. ಆಮೇಲೆ ಚೌಕಗಳಾಗಿ ಕತ್ತರಿಸಿ, ಮಾರ್ಜಿನ್ ಬಿಟ್ಟು, ಹಾಲಿನ ಕಂಪ್ಯೂಟರುಗಳಿಗೆಲ್ಲ ಹಂಚಿದಳು. ಒಂದು ಮುಗಿಸಿದ ಮಶೀನು ತಾನಾಗಿ ಇನ್ನೊಂದನ್ನು ಎತ್ತಿಕೊಳ್ಳುತ್ತಿತ್ತು, ಯಾವುದಕ್ಕೂ ಕೈಕಟ್ಟಿ ಕೂರಲು ಬಿಡುವಿಲ್ಲ. ಫ್ಯಾನುಗಳೆಲ್ಲ ಒಟ್ಟಿಗೆ ಭೋರ್ಗರೆದು ಇಡೀ ಹಾಲ್ ಬಿಸಿಯಾಯಿತು. ಮಾವ ಕಿಟಕಿ ತೆರೆದರು, ಅವರ ಬಾಯಿಂದ ದೂರು ಬರಲಿಲ್ಲ.

ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿರುವಾಗಲೇ ನಕ್ಷೆ ಮುಗಿದಿತ್ತು. ದೊಡ್ಡ ಮಶೀನು ವಾರಗಟ್ಟಲೆ ಅಗಿದೂ ಅರ್ಧ ನುಂಗದ ಊರು ಪರದೆಯ ಮೇಲೆ ಪೂರ್ತಿಯಾಗಿ ನಿಂತಿತ್ತು. ಕತ್ತರಿ ಮೊದಲು ನೋಡಿದ್ದು ತನ್ನ ಬೀದಿಯನ್ನೇ. ಒಂದು ಹನಿ ನೀಲಿ ಇಲ್ಲ. ಮೇಲಿನ ಬೇಕರಿಯಿಂದ ಕೆಳಗಿನ ತನ್ನ ಮನೆಯವರೆಗೆ ಒಣ ನೆಲ. ಅವಳು ಕುರ್ಚಿಯಿಂದ ಹಾರಿ ಮಾವನ ಕೈ ಹಿಡಿದು ಕುಣಿದುಬಿಟ್ಟಳು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು.

ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ನಾಲಿಗೆಯಷ್ಟೇ ಚುರುಕಾದ ಕಣ್ಣು, ಏನು ಮಾಡುವುದು? ಹೊಳೆಯ ದಂಡೆಯಲ್ಲಿ, ಎರಡು ಚೌಕ ಕೂಡುವ ಗೆರೆಯಲ್ಲಿ, ಏರಿ ಎಲ್ಲೂ ತುಂಡಾಗದೆ ಸಲೀಸಾಗಿ ಹೋಗಿತ್ತು. ಹೋಗಬಾರದು. ಅಲ್ಲೊಂದು ಕಡಿದ ಜಾಗವಿದೆ. ಮಾವನಿಗೆ ಏನೂ ಹೇಳದೆ ಚೀಲ ಎತ್ತಿಕೊಂಡು ಹೊಳೆಯ ಕಡೆ ನಡೆದಳು.

ಗೋದಾಮು ತನ್ನ ಜಾಗದಲ್ಲೇ ಇತ್ತು, ಎರಡು ಕಡೆಯ ಬಾಗಿಲೂ ಹಾರುಹೊಡೆದು. ಅದರ ತಗಡಿನ ಮಾಡು ಆ ಬೀದಿಯ ಯಾವ ಮಾಡಿಗಿಂತಲೂ ಉದ್ದ, ಅವಳು ಬಿಟ್ಟ ಮಾರ್ಜಿನ್‌ಗಿಂತಲೂ ಉದ್ದ. ಕತ್ತರಿಸಿದ ಗೆರೆ ಸರಿಯಾಗಿ ಅದರ ನಡುವೆ ಹಾದುಹೋಗಿತ್ತು. ಎರಡರಲ್ಲಿ ಯಾವ ಚೌಕದಲ್ಲೂ ಮಾಡಿನ ಎರಡೂ ತುದಿ ಮಶೀನಿಗೆ ಕಂಡಿರಲಿಲ್ಲ. ಮಾಡು ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆ ಎಂದು ಕಾಣದಿದ್ದರೆ ಮಶೀನೇನು ಮಾಡೀತು, ತಗಡನ್ನೇ ನೆಲ ಎಂದುಕೊಂಡಿತು. ಏರಿ ಕಡಿದ ಜಾಗಕ್ಕೆ ಗೋದಾಮಿನ ಮಾಡು ಗುಡ್ಡವಾಗಿ ಕೂತು ಹೊಳೆಯನ್ನು ತಡೆದಿತ್ತು. ತಾಳಪ್ಪನವರ ಗೋಡೆಯೇ ಬೇರೆ ವೇಷ ಹಾಕಿಕೊಂಡು ಬಂದಿತ್ತು. ಕತ್ತರಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಮನೆಗೆ ಬಂದಾಗ ಅಮ್ಮ ಮಶೀನು ತುಳಿಯುತ್ತಿದ್ದಳು.

"ಅಮ್ಮ, ನಕ್ಷೇಲಿ ನಮ್ಮ ಬೀದಿ ಪೂರ್ತಿ ಒಣಗಿದೆ."

"ನಮ್ಮನೇನೂ?"

"ನಮ್ಮನೇನೂ."

ಪೆಡಲು ನಿಂತಿತು. ಅಮ್ಮ ಮಶೀನಿನ ಕಾಲ ಕೆಳಗಿನ ಕಲ್ಲುಗಳನ್ನು ನೋಡಿದಳು, ಮಗಳ ಮುಖ ನೋಡಿದಳು. "ಯಾವನು ಹೇಳಿದ್ದು?"

ಕತ್ತರಿ ಗೋದಾಮಿನ ಕಥೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣದಾಯಿತು. "ಮಾರ್ಜಿನ್ ಸಾಲ್ಲಿಲ್ಲ ಅಮ್ಮ. ಆದ್ರೆ ಯಾರಿಗೂ ಗೊತ್ತಾಗಲ್ಲ. ಹೀಗೇ ಬಿಟ್ರೆ ಇಡೀ ಬೀದಿ ಉಳಿಯತ್ತೆ. ಸರಿ ಮಾಡಿದ್ರೆ ಮೇಲಿನ ಮನೆಯವರು ಉಳೀತಾರೆ, ನಾವು ಹೋಗ್ತೀವಿ."

"ಅಲ್ಲಿ ಗುಡ್ಡ ಇದೆ ಅಂತ ಸಮಿತಿಯವರಿಗೆ ನೀನು ಹೇಳ್ತೀಯ. ಹೊಳೆಗೆ ಯಾರು ಹೇಳ್ತಾರೆ?"

ಕತ್ತರಿ ಬಾಗಿಲ ಕಡೆ ನೋಡಿದಳು. ಅವಳು ಹುಟ್ಟಿದ ಮನೆ ಅದು. ಬಾಗಿಲ ಚೌಕಟ್ಟಿನಲ್ಲಿ ಅವಳು ವರ್ಷವರ್ಷ ಬೆಳೆದ ಎತ್ತರವನ್ನು ಅಮ್ಮ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದು ಇನ್ನೂ ಇತ್ತು, ಅದರ ಕೆಳಗೆ, ಚೌಕಟ್ಟಿನ ಬುಡದಲ್ಲಿ, ಹಿಂದಿನ ವರ್ಷದ ನೀರು ತನ್ನ ಗುರುತು ಬಿಟ್ಟಿತ್ತು.

ಅಮ್ಮನಿಗೆ ಈಗ ಸಿಟ್ಟು ಬಂದಿತ್ತು. "ಇಷ್ಟು ವರ್ಷ ಹೊಲಿದಿದೀನಿ, ಕಚ್ಚಾ ಹೊಲಿಗೆ ಹಾಕಿ ಗಿರಾಕಿ ಕಣ್ಣಿಗೆ ಮಣ್ಣೆರಚಿದವಳಲ್ಲ ನಾನು. ನೀನೂ ಆ ವಿದ್ಯೆ ಕಲೀಬೇಡ. ಮನೆ ಹೋದ್ರೆ ಹೋಗ್ಲಿ, ನೀರಿನ ಜೊತೆ ಹೋಗೋದಕ್ಕಿಂತ ವಾಸಿ. ಅದೂ ಅಲ್ದೆ ಆ ತಾಳಪ್ಪ ನಿನ್ನ ಬಗ್ಗೆ ಏನಂದಿದ್ರು? ಮನೆ ಉಳಿಸ್ಕೊಳ್ಳೋಕೆ ಮಾಡ್ತಾಳೆ ಅಂತ ಅಲ್ವಾ? ಅವರ ಮಾತು ನಿಜ ಮಾಡ್ತೀಯಾ? ಬಿಚ್ಚು. ಬಿಚ್ಚಿ ಮತ್ತೆ ಹೊಲಿ."

ಬಿಚ್ಚಲು ಸಮಯವಿತ್ತು, ಅದೇ ದೊಡ್ಡ ಮಾತು. ದೊಡ್ಡ ಮಶೀನಿನ ಹಳೇ ದಾರಿಯಲ್ಲಿ ತಪ್ಪಾಗಿದ್ದರೆ ತಪ್ಪಿನ ಜೊತೆಗೇ ಸಭೆಗೆ ಹೋಗಬೇಕಿತ್ತು. ಒಂದೇ ಹಗಲಿನಲ್ಲಿ ಮುಗಿಯುವ ಕೆಲಸವನ್ನು ಇನ್ನೊಂದು ಹಗಲಿನಲ್ಲಿ ಮತ್ತೆ ಮಾಡಬಹುದು.

ಮರುದಿನ ಕಚೇರಿ ತುಂಬಿತ್ತು. ಕತ್ತರಿ ಹಾಲಿನ ನಡುವೆ ನಿಂತು "ಇವತ್ತು ನಿಮ್ಮ ಮಶೀನ್ ನಂಗೆ ಬೇಕು, ಎಲ್ಲರದೂ" ಎಂದಳು. ಯಾಕೆ ಎಂದವರಿಗೆ ಬೀದಿಯ ವಿಷಯ ಹೇಳಿದಳು. ಒಬ್ಬೊಬ್ಬರಾಗಿ ಎದ್ದು ಜಾಗ ಬಿಟ್ಟರು. ಒಬ್ಬರು ಮಾತ್ರ ರಜಾ ಅರ್ಜಿಯನ್ನು ಮೊದಲು ಮುಗಿಸಿಬಿಡುತ್ತೇನೆ ಎಂದು ಗೋಗರೆದರು. ಈ ಸಲ ಊರಿನ ಅತಿ ಉದ್ದದ ಮಾಡನ್ನು ಹುಡುಕಿ, ಅದಕ್ಕಿಂತ ದೊಡ್ಡ ಮಾರ್ಜಿನ್ ಬಿಟ್ಟು ಕತ್ತರಿಸಿದ್ದಳು. ಫ್ಯಾನುಗಳ ಸದ್ದಿಗೆ ತಾಳಪ್ಪ ಕೋಣೆಯಿಂದ ಹೊರಬಂದರು.

"ಏನಿದು? ಯಾರು ಅಪ್ಪಣೆ ಕೊಟ್ಟಿದ್ದು?"

"ಯಾರೂ ಇಲ್ಲ ಸರ್." ಕತ್ತರಿ ಹಿಂದಿನ ದಿನದ ನಕ್ಷೆಯನ್ನು ಅವರ ಮುಂದೆ ಹಿಡಿದು ಗೋದಾಮಿನ ಮೇಲೆ ಬೆರಳಿಟ್ಟಳು. "ನೋಡಿ, ನಿಮ್ಮ ಗೋಡೆ. ನನ್ನ ಕೈಯಲ್ಲೂ ಹುಟ್ಟಿತು. ಕತ್ತರಿಸಿದ್ದು ತಪ್ಪಲ್ಲ ಸರ್, ಮಾರ್ಜಿನ್ ಸಾಲದೇ ಇದ್ದದ್ದು ತಪ್ಪು. ಈಗ ಬಿಚ್ಚಿ ಹೊಲೀತಿದೀನಿ. ಬೇಕಾದ್ರೆ ಪ್ಲಗ್ ಕೀಳಿ, ನಾನು ಮತ್ತೆ ಹಾಕ್ತೀನಿ."

ಅವರ ಮುಖ ಬಿಳಿಚಿಕೊಂಡಿತು. ಆ ಗೆರೆಯನ್ನು ಬಹಳ ಹೊತ್ತು ನೋಡಿದರು. "ಸಹಿ ಹಾಕಲ್ಲ," ಎಂದಷ್ಟೇ ಹೇಳಿ ಕೋಣೆಗೆ ಹಿಂದಿರುಗಿದರು. ಪ್ಲಗ್ ಕೀಳಲಿಲ್ಲ.

ಸಭೆಯ ದಿನ ಸಮಿತಿಯ ಅಧ್ಯಕ್ಷೆಯ ಎದುರಿನ ಗೋಡೆಗೆ ಎರಡು ನಕ್ಷೆ ತೂಗುಹಾಕಿದ್ದರು, ಸಹಿ ಇರುವ ಹಳೆಯದು, ಸಹಿ ಇಲ್ಲದ ಹೊಸದು. ಬೀದಿಯವರೆಲ್ಲ ಹಿಂದಿನ ಸಾಲಿನಲ್ಲಿ ಕೂತಿದ್ದರು. ಅಮ್ಮ ಬೇಕರಿ ಅಣ್ಣನ ಪಕ್ಕದಲ್ಲಿದ್ದಳು. ಕತ್ತರಿ ಹೊಸ ನಕ್ಷೆ ಹೇಗೆ ಮಾಡಿದ್ದೆಂದು ಹೇಳಿ ಮುಗಿಸುವಷ್ಟರಲ್ಲಿ ಟೈ ಕಟ್ಟಿದ ಸದಸ್ಯನೊಬ್ಬ ಎದ್ದ.

"ಇವರ ಮನೆ ಅದೇ ಬೀದೀಲಿದೆ ಅಂತ ಕೇಳ್ಪಟ್ಟೆ. ಕಚೇರಿ ತಿಂಗಳುಗಟ್ಟಲೆ ಮಾಡೋ ಕೆಲಸಾನ ಒಂದು ದಿನದಲ್ಲಿ ಕತ್ತರಿಸಿ ಅಂಟಿಸಿ ತಂದಿದಾರೆ. ಮುಖ್ಯಸ್ಥರ ಸಹಿಯೂ ಇಲ್ಲ. ಇದನ್ನ ನಂಬಬೇಕಾ ನಾವು?"

ಹಾಲಿನಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷೆ ತಾಳಪ್ಪನವರ ಕಡೆ ನೋಡಿದರು. ತಾಳಪ್ಪ ನೆಲ ನೋಡಿದರು.

"ನನ್ನ ಮನೆ ಯಾವುದು ಅಂತ ಕೇಳಿ," ಎಂದಳು ಕತ್ತರಿ.

"ಏನು?"

"ಅದೇ ಬೀದೀಲಿದೆ ಅಂದ್ರಲ್ಲ, ಯಾವುದು ಅಂತ ಕೇಳಿ." ಅವಳು ನಕ್ಷೆಯ ಹತ್ತಿರ ಹೋಗಿ ಬೆರಳಿಟ್ಟಳು. ಬೇಕರಿಯಿಂದ ಮುಕ್ಕಾಲು ಬೀದಿ ಒಣಗಿತ್ತು. ಕೆಳಗಿನ ತುದಿಯಲ್ಲಿ ಕೆಲವೇ ಮನೆ ನೀಲಿ. ಅವಳ ಬೆರಳು ಆ ನೀಲಿಯ ನಟ್ಟನಡುವೆ ಇತ್ತು. "ಇದು. ನಾನು ಹುಟ್ಟಿದ್ದು ಇಲ್ಲೇ. ಉಳಿಸ್ಕೊಳ್ಳೋ ನಕ್ಷೆನೂ ನನ್ನ ಹತ್ರ ಇತ್ತು, ಮೊದಲನೇ ದಿನದ್ದು. ಅದರಲ್ಲಿ ನನ್ನ ಮನೆ ಒಣಗಿತ್ತು. ಅದು ಸುಳ್ಳು ಅಂತ ಬಿಸಾಕಿ ಇದನ್ನ ತಂದಿದೀನಿ. ಈಗ ಹೇಳಿ, ಯಾರ ಮನೆ ಉಳಿಸೋಕೆ ಬಂದಿದೀನಿ ನಾನು?"

ಟೈ ಕಟ್ಟಿದವ ಕುರ್ಚಿ ಎಳೆದುಕೊಂಡು ಕೂತ. ಹಿಂದಿನ ಸಾಲಿನಿಂದ ಅಮ್ಮ ಎದ್ದು ನಿಂತಳು. "ನೀರು ಬರೋದು ನಿಜ. ಪೆಡಲ್ ತನಕ ಬಂದಿತ್ತು. ಆದ್ರೆ ಇವರ ಬೇಕರಿಗೆ ಬಂದಿಲ್ಲ, ಬರೋದೂ ಇಲ್ಲ. ನಮ್ಮ ಜೊತೆ ಇವರನ್ನೂ ಯಾಕೆ ಓಡಿಸ್ತೀರಿ?"

ಅಧ್ಯಕ್ಷೆ ನಿಟ್ಟುಸಿರಿಟ್ಟರು. "ಆದರೂ ಸಹಿ ಇಲ್ಲದ ನಕ್ಷೆ..." ಎನ್ನುತ್ತಾ ಹಳೆಯದರ ಕಡೆ ಕೈ ಚಾಚಿದರು.

"ಸ್ವಲ್ಪ ತಾಳಿ."

ತಾಳಪ್ಪ ಎದ್ದಿದ್ದರು. ಹೊಸ ನಕ್ಷೆಯ ಮುಂದೆ ಬಂದು ಕನ್ನಡಕ ಏರಿಸಿಕೊಂಡು, ಗೋದಾಮಿನ ಮೇಲೆ, ಎರಡು ಚೌಕ ಕೂಡಿದ ಕಡೆ ಬೆರಳಾಡಿಸಿದರು. ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ. ತುಂಬಿದ ಸಭೆಯಲ್ಲಿ ಅವರು ಮತ್ತೊಮ್ಮೆ ನಿಂತಿದ್ದರು. "ಗೋಡೆ ಇಲ್ಲ," ಎಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಇದು ನಮ್ಮ ಕಚೇರಿಯ ನಕ್ಷೆ. ಪೆನ್ ಕೊಡಿ."

ಬೀದಿ ಉಳಿಯಿತು, ಕೆಳಗಿನ ತುದಿಯೊಂದು ಬಿಟ್ಟು. ಆ ಕೆಲವು ಮನೆಯವರಿಗೂ ಊರಾಚೆ ಹೋಗುವ ಪ್ರಮೇಯ ಬರಲಿಲ್ಲ, ಬೀದಿಯ ಮೇಲಿನ ಮನೆಯವರು ಒಬ್ಬೊಬ್ಬರಿಗೆ ಒಂದೊಂದು ಕಡೆ ಜಾಗ ಮಾಡಿಕೊಟ್ಟರು. ಬೇಕರಿಯ ಹಿಂದಿನ ಕೋಣೆ ಅಮ್ಮನ ಅಂಗಡಿಯಾಯಿತು. ಮನೆ ಬಿಡುವ ದಿನ ಕತ್ತರಿ ಬಾಗಿಲ ಚೌಕಟ್ಟಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಕತ್ತರಿ ಅತ್ತದ್ದನ್ನು ಆ ಬೀದಿ ಕಂಡದ್ದು ಅದೇ ಮೊದಲು.

ಸಾಮಾನೆಲ್ಲ ಗಾಡಿಯಿಂದ ಇಳಿಸಿದ ಮೇಲೆ ನೋಡಿದರೆ ಕೊನೆಯಲ್ಲಿ ನಾಲ್ಕು ಕಲ್ಲುಗಳಿದ್ದವು. ಅಮ್ಮ ಅವನ್ನು ಒಂದೊಂದಾಗಿ ಹೊತ್ತು ತಂದು ಹೊಸ ಕೋಣೆಯಲ್ಲಿ ಮಶೀನಿನ ಕಾಲ ಕೆಳಗೆ ಇಡತೊಡಗಿದಳು.

"ಇದ್ಯಾಕಮ್ಮ ಇಲ್ಲಿ? ಇಲ್ಲಿಗೆ ನೀರು ಬರಲ್ಲ. ಆ ನಕ್ಷೆ ಮಾಡಿದ್ದೇ ನಾನು."

"ಗೊತ್ತು, ನೀನೇ ಮಾಡಿದ್ದು ಅಂತ." ಅಮ್ಮ ಕೊನೆಯ ಕಲ್ಲನ್ನು ಕಾಲಿನಿಂದ ಒತ್ತಿ ಸರಿ ಮಾಡಿದಳು. "ಅದಕ್ಕೇ ಸ್ವಲ್ಪ ಮಾರ್ಜಿನ್ ಇಟ್ಕೊಂಡಿದೀನಿ."